ರೇಡಿಯೇಟರಿನೊಳಗಿನ ಕಾಲುಚೀಲ

"ರೇಡಿಯೇಟರಿಗೆ ಗರಗಸ ಇಡಬೇಡಿ, ನಿಮ್ಮ ದಮ್ಮಯ್ಯ!"

ಕೈಗೆ ಬೇಡಿ ಬಿದ್ದಿದ್ದರೂ ಗಾಂಚೊ ಮುತಾಫೊವ್ ಮುಂದಕ್ಕೆ ನುಗ್ಗಿದ. ಸಾರ್ಜೆಂಟ್ ಯಾಂಕೊ ಅವನ ಕಾಲರ್ ಹಿಡಿದು ಹಿಂದಕ್ಕೆಳೆದ.

"ಯಾಕಪ್ಪ? ಒಳಗಿರೋದು ಹೊರಗೆ ಬಂದ್ರೆ ಬಣ್ಣ ಬಯಲಾಗುತ್ತೆ ಅಂತ ಹೆದರಿಕೆನಾ?"

"ಹಿತ್ತಾಳೆ ಪುಡಿ ಒಳಗೆ ಉದುರುತ್ತೆ ಕಣ್ರೀ! ಆಮೇಲೆ ಅದನ್ನೂ ನಾನೇ ಹಾಕಿದ್ದು ಅಂತೀರಿ. ಮೊದಲು ಪೈಪ್ ಬಿಚ್ಚಿ. ಆಮೇಲೆ ಬೆಸುಗೆ ಕಾಯಿಸಿ, ಮೇಲಿನ ತೊಟ್ಟಿ ಇಡಿಯಾಗಿ ಎದ್ದು ಬರುತ್ತೆ."

ಇನ್ಸ್‌ಪೆಕ್ಟರ್ ರುಮಿಯಾನಾ ಪೆಂಚೆವಾ ಗರಗಸವನ್ನು ಬೆಂಚಿನ ಮೇಲಿಟ್ಟಳು. ಅವನು ಹೇಳುತ್ತಿರುವುದು ಸರಿ ಎಂದು ಅವಳಿಗೆ ಗೊತ್ತಿತ್ತು. ಅವಳಪ್ಪ ಇದೇ ಶಿಪ್ಕಾ ಘಟ್ಟದಲ್ಲಿ ಲಾರಿ ಓಡಿಸಿ ಮುದುಕನಾದವನು. ಹುಡುಗಿಯಾಗಿದ್ದಾಗ ಬಾನೆಟ್ಟಿನಡಿ ತಲೆ ತೂರಿಸಿ ನಿಂತು ಅವನಿಂದ ಬೈಸಿಕೊಂಡೇ ಇಂಜಿನ್ನಿನ ಕೆಲಸ ಕಲಿತವಳು ಅವಳು.

"ಬೇಡಿ ಬಿಚ್ಚಿ ಯಾಂಕಣ್ಣ," ಎಂದಳು. "ಬೆಸುಗೆ ಅವನೇ ಬಿಡಿಸಲಿ."

"ಮೇಡಂ, ಇವನು ಆರೋಪಿ."

"ಮಧ್ಯಾಹ್ನ ಕೋರ್ಟಿಗೆ ಕರ್ಕೊಂಡು ಹೋಗೋ ತನಕ ನಮ್ಮ ಕೈಲೇ ಇದ್ದಾನಲ್ಲ. ಬಿಚ್ಚಿ."

ಮೊನ್ನೆ ಶಿಪ್ಕಾ ಘಟ್ಟದ ಅರ್ಧದಲ್ಲಿ, ಲಾರಿಯವರು ನೀರು ಹಿಡಿಯುವ ಕಟ್ಟೆಯ ಪಕ್ಕ, ಡ್ರೈವರ್ ದೋಬ್ರಿ ಕಲ್ಚೆವ್ ತಲೆ ಒಡೆದುಕೊಂಡು ಬಿದ್ದಿದ್ದ; ಆಸ್ಪತ್ರೆಯಲ್ಲಿ ಅವನಿಗಿನ್ನೂ ಎಚ್ಚರವಾಗಿರಲಿಲ್ಲ. ಕಾರಿನ ಡಿಕ್ಕಿಯಲ್ಲಿದ್ದ, ಚಿನ್ನದ ಬೆಲೆಯ ಗುಲಾಬಿ ಎಣ್ಣೆಯ ಪಾತ್ರೆ ಮಾಯವಾಗಿತ್ತು. ಇಷ್ಟು ಬಿಟ್ಟರೆ ಪೊಲೀಸರ ಬಳಿ ಇದ್ದದ್ದು ಒಂದು ಕುದಿದ ಕಾರು, ಒಬ್ಬ ಮೆಕ್ಯಾನಿಕ್. ಹಿಂದಿನ ವಾರವಷ್ಟೇ ದೋಬ್ರಿಯ ಕಾರಿನ ಇಂಜಿನ್ ಬಿಚ್ಚಿ ಜೋಡಿಸಿದ್ದವನು ಗಾಂಚೊ. ಪಟ್ಟಣದಿಂದ ಬಂದ ತಜ್ಞ ರೇಡಿಯೇಟರಿನ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, 'ಇಂಜಿನ್ ಕೊಳೆಯಿಂದ ಕಟ್ಟಿಕೊಂಡಿದೆ' ಎಂದು ಹೇಳಿ ಹೊರಟುಹೋಗಿದ್ದ. ಗಾಂಚೊ ಬೇಕೆಂದೇ ಕೊಳೆ ಬಿಟ್ಟು ಗಾಡಿ ಕುದಿಯುವ ಹಾಗೆ ಮಾಡಿದ, ಕಟ್ಟೆಯ ಹತ್ತಿರ ತನ್ನ ಕಡೆಯವರನ್ನು ನಿಲ್ಲಿಸಿದ್ದ ಎಂದು ಸರ್ಕಾರಿ ವಕೀಲರು ಕಥೆ ಕಟ್ಟಿ ಮುಗಿಸಿದ್ದರು.

ಗಾಂಚೊ ಮಣಿಕಟ್ಟು ಉಜ್ಜಿಕೊಂಡ. ಠಾಣೆಯ ಹಿಂದಿನ ಶೆಡ್ಡಿನಲ್ಲಿ ಬೆಳಗಿನ ಬಿಸಿಲು ತಗಡಿನ ಸಂದಿಯಿಂದ ಬೀಳುತ್ತಿತ್ತು.

"ನಾನು ಮೊದಲಿನಿಂದ ಬಡ್ಕೋತಾ ಇದೀನಿ, ಒಬ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದ. "ಇಂಜಿನ್ ಬ್ಲಾಕನ್ನ ಎಷ್ಟು ತೊಳೆದ್ರೂ ಮೂಲೆಯಲ್ಲಿ ಎರಕದ ಅಚ್ಚಿನ ಮರಳು, ತುಕ್ಕಿನ ಚಕ್ಕೆ ಉಳಿದೇ ಉಳಿಯುತ್ತೆ. ಗಾಡಿ ಓಡೋಕೆ ಶುರುವಾದ್ಮೇಲೆ ಅದೆಲ್ಲ ಕಳಚ್ಕೊಂಡು ಬಿಸಿನೀರಿನ ಜೊತೆ ಈ ಮೇಲಿನ ಪೈಪಲ್ಲಿ ರೇಡಿಯೇಟರಿಗೆ ಬರುತ್ತೆ. ಇದರೊಳಗಿನ ನಳಿಗೆಗಳು ಹುಲ್ಲುಕಡ್ಡಿಯಷ್ಟು ಸಣ್ಣ. ಕಟ್ಕೊಂಡ್ವೋ, ಮುಗೀತು. ಅದಕ್ಕೇ ಪೈಪಿನ ಬಾಯಿಗೆ ಕಾಲುಚೀಲ ಕಟ್ಟಿದೀನಿ. ಕೊಳೆಯೆಲ್ಲ ಅದರಲ್ಲಿ ನಿಲ್ಲುತ್ತೆ, ನೀರು ಮಾತ್ರ ಹೋಗುತ್ತೆ."

"ಯಾರ ಕಾಲುಚೀಲ?" ಯಾಂಕೊ ಹುಬ್ಬೇರಿಸಿದ.

"ನನ್ನ ಹೆಂಡತೀದು. ತೆಳು ನೈಲಾನಿಂದು. ಹೊಸಾದು."

"ಹೊಸಾದಾ! ನಮ್ಮ ಗಾಬ್ರೊವೊದಲ್ಲಾಗಿದ್ರೆ ನಿನ್ನ ಹೆಂಡತಿ ಡೈವರ್ಸ್ ಕೊಡ್ತಿದ್ಳು."

"ನಿಮ್ಮೂರಲ್ಲಾಗಿದ್ರೆ ರೇಡಿಯೇಟರಿಗೆ ನೀರು ಹಾಕೋಕೂ ಯೋಚನೆ ಮಾಡ್ತಿದ್ರಿ ಬಿಡಿ," ಎಂದು ಗಾಂಚೊ ಗೊಣಗಿದ. ಜಿಪುಣತನಕ್ಕೆ ಹೆಸರಾದ ಊರಿನವನಾದ ಯಾಂಕೊ ನಕ್ಕುಬಿಟ್ಟ. ಆಮೇಲೆ, ನಗಬಾರದಿತ್ತು ಎನಿಸಿ ಮೀಸೆ ತೀಡಿದ.

ರುಮಿಯಾನಾ ನಗಲಿಲ್ಲ. ಸ್ಕ್ರೂಡ್ರೈವರಿನಿಂದ ಪೈಪಿನ ಕ್ಲಿಪ್ ತಾನೇ ಸಡಿಲಿಸಿದಳು. ರಬ್ಬರ್ ಪೈಪು ಅಂಟಿಕೊಂಡಿತ್ತು. ಎರಡು ಕೈಯಲ್ಲೂ ತಿರುಚಿ ಎಳೆದಾಗ ಫಟ್ಟೆಂದು ಕಳಚಿತು. ರೇಡಿಯೇಟರಿನ ಕೊರಳಿನ ಅಂಚಿಗೆ ಕಂದು ಬಣ್ಣದ ನೈಲಾನ್ ಮಡಚಿಕೊಂಡು ಕೂತಿತ್ತು. ಅದರ ಉಳಿದ ಭಾಗ ಚೀಲದ ಹಾಗೆ ತೊಟ್ಟಿಯೊಳಗೆ ಜೋತುಬಿದ್ದಿತ್ತು.

"ಇದೆ! ನೋಡಿ! ಇದೆ ತಾನೇ?" ಗಾಂಚೊನ ದನಿ ಒಡೆಯಿತು.

"ಇರೋದರಿಂದ ನೀನು ಬಚಾವಾಗಲ್ಲ. ಯಾವ ಬದಿಯಲ್ಲಿ ಏನಿದೆ ಅನ್ನೋದೇ ಮುಖ್ಯ," ಎಂದಳು ರುಮಿಯಾನಾ.

ಬ್ಲೋ ಲ್ಯಾಂಪ್ ಬುಸುಗುಟ್ಟಿತು. ಗಾಂಚೊ ಬೆಸುಗೆಯ ಗೆರೆಯುದ್ದಕ್ಕೂ ಉರಿ ಹಾಯಿಸಿದ. ಸೀಸ ಕರಗಿ ಹನಿಹನಿಯಾಗಿ ನೆಲಕ್ಕೆ ಬಿತ್ತು. ಮೇಲಿನ ತೊಟ್ಟಿಯನ್ನು ಮೆಲ್ಲಗೆ ಎತ್ತಿದಾಗ ಮೂವರೂ ಒಟ್ಟಿಗೆ ಬಗ್ಗಿದರು.

ನಳಿಗೆಗಳ ಬಾಯಿಯೇ ಕಾಣುತ್ತಿರಲಿಲ್ಲ. ಮೊಸರಿನಷ್ಟು ದಪ್ಪಗೆ, ಕಂದುಬಣ್ಣದ ಒಂದು ಲೋಳೆ ಎಲ್ಲವನ್ನೂ ಮುಚ್ಚಿ ಗಡ್ಡೆಕಟ್ಟಿತ್ತು.

ರುಮಿಯಾನಾ ಕಾಲುಚೀಲವನ್ನು ಬಿಡಿಸಿ ಬಿಳಿ ತಟ್ಟೆಯ ಮೇಲೆ ಮಗುಚಿದಳು. ಒಳಗಿನಿಂದ ಸುರಿದದ್ದು ಒಂದಿಷ್ಟು ಕಪ್ಪು ಮರಳು, ನಾಲ್ಕಾರು ತುಕ್ಕಿನ ಚಕ್ಕೆ, ಹಳೆಯ ಅಂಟಿನ ಒಂದು ಚೂರು. ಲೋಳೆಯ ಸುಳಿವೇ ಇಲ್ಲ. ಲೋಳೆ ಇದ್ದದ್ದೆಲ್ಲ ಚೀಲದ ಹೊರಮೈಗೆ.

"ಯಾಂಕಣ್ಣ, ನೋಡಿ. ಇಂಜಿನ್ನಿಂದ ಬಂದ ಕೊಳೆ ಚೀಲದ ಒಳಗೇ ಸಿಕ್ಕಿಬಿದ್ದಿದೆ. ಚೀಲ ತನ್ನ ಕೆಲಸ ಸರಿಯಾಗೇ ಮಾಡಿದೆ. ಈ ಲೋಳೆ ಇಂಜಿನ್ ಕಡೆಯಿಂದ ಬಂದದ್ದಾಗಿದ್ರೆ ಅದೂ ಒಳಗೇ ಇರಬೇಕಿತ್ತು."

"ಅಂದ್ರೆ?"

"ಅಂದ್ರೆ ಮೇಲಿನಿಂದ ಬಂದಿದೆ. ಯಾರೋ ಮುಚ್ಚಳ ತೆಗೆದು ನೇರವಾಗಿ ರೇಡಿಯೇಟರಿಗೇ ಸುರಿದಿದ್ದಾರೆ."

ಅವಳು ಲೋಳೆಯನ್ನು ಬೆರಳಲ್ಲಿ ತೀಡಿದಳು. ಜಾರುವ ಅಂಟು. ಅದರ ನಡುವೆ ಚಪ್ಪಟೆಯಾದ, ಹೊಳಪಿನ ಕಂದು ಸಿಪ್ಪೆಗಳು. ಮೂಗಿನ ಹತ್ತಿರ ಹಿಡಿದಳು.

"ಅಗಸೆ. ಕುಟ್ಟಿದ ಅಗಸೆ ಬೀಜ. ಬಿಸಿನೀರಿಗೆ ಬಿದ್ರೆ ಹೀಗೇ ಉಬ್ಬಿ ಗಂಜಿಯಾಗುತ್ತೆ."

"ಮಲಬದ್ಧತೆಗೆ ನಮ್ಮತ್ತೆ ಕುಡೀತಾಳೆ," ಎಂದ ಯಾಂಕೊ, ಸ್ವಲ್ಪ ದೂರ ಸರಿಯುತ್ತ.

ರುಮಿಯಾನಾ ಆಗಲೇ ಕಾರಿನತ್ತ ನಡೆದಿದ್ದಳು. ಟಾರ್ಪಾಲು ಸರಿಸಿ ಬಾನೆಟ್ ಎತ್ತಿ, ಅದರ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುಚ್ಚಳವಿದ್ದ ಜಾಗದ ನೇರಕ್ಕೆ, ಕಾರಂಜಿ ಚಿಮ್ಮಿದ ಹಾಗೆ, ಒಣಗಿದ ಕಂದು ಕಲೆಗಳು. ಉಗುರಿನಿಂದ ಕೆರೆದಳು. ಅಗಸೆಯ ಸಿಪ್ಪೆ ಉದುರಿತು.

"ಕಟ್ಟೆ ಹತ್ರ ಕಾರು ಸಿಕ್ಕಾಗ ಮುಚ್ಚಳ ಬಿಗಿಯಾಗಿತ್ತು ಅಲ್ವಾ?"

"ಬಿಗಿಯಾಗಿತ್ತು. ನಾನೇ ತಿರುಗಿಸಿ ನೋಡ್ದೆ," ಎಂದ ಯಾಂಕೊ.

"ಹಾಗಾದ್ರೆ ಇದು ಅಲ್ಲಿ ಚಿಮ್ಮಿದ್ದಲ್ಲ. ಬೀಜ ಸುರಿಯುವಾಗಲೇ ನೀರು ಕಾದಿತ್ತು. ಸುರಿದ ಕೂಡಲೇ ಉಕ್ಕಿ ಬಾನೆಟ್ಟಿಗೆ ಹಾರಿದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯೋದು ಅಂದ್ರೇನು ಅಂತ ಗಾಂಚೊ ಹೇಳ್ತಾನೆ."

ಗಾಂಚೊ ತನ್ನ ಎಡಗೈಯ ಅಂಗಿ ಮೇಲೇರಿಸಿದ. ಮೊಣಕೈವರೆಗೂ ಹಳೆಯ ಸುಟ್ಟ ಗುರುತು. "ಕೆಲಸ ಕಲೀತಿದ್ದಾಗ. ಒಂದ್ಸಲ ಆದ್ರೆ ಸಾಕು ಮೇಡಂ, ಜನ್ಮದಲ್ಲಿ ಮರೆಯಲ್ಲ. ತಣ್ಣಗಾಗೋವರೆಗೆ ಕಾಯ್ತೀವಿ."

"ಕಾಯೋಕೆ ಪುರುಸೊತ್ತಿಲ್ಲದವರು ಈ ಕೆಲಸ ಮಾಡಿದ್ದಾರೆ. ಅವರ ಕೈ ಇವತ್ತೂ ಸುಟ್ಟೇ ಇರುತ್ತೆ." ಅವಳು ಕೈ ಒರೆಸಿಕೊಂಡಳು. "ವಕೀಲರಿಗೆ ಫೋನ್ ಮಾಡಿ, ಯಾಂಕಣ್ಣ. ಗಾಂಚೊನ ಕೋರ್ಟಿಗೆ ಕರ್ಕೊಂಡು ಹೋಗೋದಿಲ್ಲ."

ಗಾಂಚೊ ಕಾರಿನ ಬಂಪರಿನ ಮೇಲೆ ಕುಸಿದು ಕೂತು, ಎಣ್ಣೆಗಪ್ಪು ಹಿಡಿದ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಬೆನ್ನು ಅಲುಗುತ್ತಿತ್ತು. ಯಾಂಕೊ ಅವನ ಹೆಗಲ ಮೇಲೆ ಕೈಯಿಟ್ಟು, ಸಿಗರೇಟಿನ ಪ್ಯಾಕು ಚಾಚಿದ. ಗಾಬ್ರೊವೊದವನು ಸಿಗರೇಟು ಕೊಟ್ಟದ್ದನ್ನು ರುಮಿಯಾನಾ ಕಂಡದ್ದು ಅದೇ ಮೊದಲು.

*

ದೋಬ್ರಿ ಅಂದು ಮನೆಯಿಂದ ಹೊರಟು ನಿಲ್ಲಿಸಿದ್ದು ಒಂದೇ ಕಡೆ: ಸ್ಟೊಯಿಲ್ ರಾದುಲೊವ್‌ನ ಗುಲಾಬಿ ಎಣ್ಣೆಯ ಬಟ್ಟಿಮನೆಯಲ್ಲಿ. ಅಲ್ಲಿ ಪಾತ್ರೆ ಏರಿಸಿಕೊಂಡು ಘಟ್ಟ ಹತ್ತಿದ್ದ. ಕಣಿವೆಯ ಸಮತಟ್ಟಿನಲ್ಲಿ ಕಾರು ಹೇಗೋ ಓಡುತ್ತದೆ. ಏರು ಸಿಕ್ಕ ಮೇಲೆ ಕುದಿಯಲೇಬೇಕು. ಕುದಿದ ಗಾಡಿ ನೀರಿದ್ದಲ್ಲಿ ನಿಲ್ಲಲೇಬೇಕು. ಆ ಏರಿನಲ್ಲಿ ನೀರಿರುವುದು ಕಟ್ಟೆಯಲ್ಲಿ ಮಾತ್ರ. ಲೆಕ್ಕ ಹಾಕಿದವರಿಗೆ ಘಟ್ಟದ ಗುಣವೂ ಗೊತ್ತಿತ್ತು, ಗಾಡಿಯ ಗುಣವೂ ಗೊತ್ತಿತ್ತು.

ಬಟ್ಟಿಮನೆಯ ಅಂಗಳದಲ್ಲಿ ಬೇಯಿಸಿ ಎಸೆದ ಎಸಳುಗಳ ಗುಡ್ಡ ಹಬೆಯಾಡುತ್ತಿತ್ತು. ವಾಸನೆ ಎಷ್ಟು ಗಾಢವಾಗಿತ್ತೆಂದರೆ ಯಾಂಕೊ ಮೂಗಿಗೆ ಟೋಪಿ ಹಿಡಿದ. ಲಾಯದ ಮುಂದೆ ಕಪ್ಪು ಕುದುರೆಯೊಂದು ಕಟ್ಟಿತ್ತು. ಕನ್ನಡಿಯ ಹಾಗೆ ಮಿರುಗುವ ಮೈ. ನೆರಳಲ್ಲಿ ಕುರ್ಚಿ ಹಾಕಿಕೊಂಡು ಸ್ಟೊಯಿಲ್‌ನ ತಾಯಿ ಯೊರ್ದಾನಾ ಅಜ್ಜಿ ಬೀನ್ಸ್ ಸುಲಿಯುತ್ತಿದ್ದಳು.

ಸ್ಟೊಯಿಲ್ ಬಿಳಿ ಕೋಟು ತೊಟ್ಟು ಎದುರಾದ.

"ಕಳ್ಳ ಸಿಕ್ಕನಾ ಮೇಡಂ? ಗಾಂಚೊ ಬಾಯ್ಬಿಟ್ಟನಾ?"

"ಕುದುರೆ ಚೆನ್ನಾಗಿದೆ," ಎಂದಳು ರುಮಿಯಾನಾ. "ಏನು ತಿನ್ನಿಸ್ತೀರಿ?"

"ಹಬ್ಬದ ಮೆರವಣಿಗೆ ಕುದುರೆ ಅದು. ಓಟ್ಸು, ಒಣಹುಲ್ಲು..."

"ಮೈ ಇಷ್ಟು ಮಿಂಚಬೇಕಾದ್ರೆ ಅದಷ್ಟೇ ಸಾಲಲ್ಲ. ಅಗಸೆ ಗಂಜಿ ಕೊಡ್ತೀರಿ ತಾನೇ?"

ಸ್ಟೊಯಿಲ್‌ನ ನಗು ಅರೆಕ್ಷಣ ತಡವರಿಸಿತು. "ಕೊಡ್ತೀವಿ. ಅದೇನು ಅಪರಾಧಾನಾ?"

"ಕುದುರೆಗೆ ಕೊಟ್ರೆ ಅಲ್ಲ. ಕಾರಿಗೆ ಕೊಟ್ರೆ ಹೌದು. ಕೋಟು ಬಿಚ್ಚಿ."

"ಏನು?"

"ಕೋಟು ಬಿಚ್ಚಿ, ತೋಳು ಮೇಲೇರಿಸಿ. ಎರಡೂ ಕೈ."

"ಇದೇನು ಮೇಡಂ, ನನ್ನ ಅಂಗಳದಲ್ಲಿ, ಕೆಲಸದವರ ಮುಂದೆ..."

"ಠಾಣೆಯಲ್ಲಾದ್ರೂ ಸರಿ."

ಅವನು ಬಿಚ್ಚಿದ. ತೋಳು ಮೇಲೇರಿಸಿದ. ರುಮಿಯಾನಾ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೆತ್ತಗಿನ, ಬಿಳಿಯ, ಸಾಬೂನಿನಂಥ ತೋಳು. ಒಂದು ಗುಳ್ಳೆಯಿಲ್ಲ, ಒಂದು ಕೆಂಪು ಗುರುತಿಲ್ಲ.

ಹಿಂದಿನಿಂದ ಯಾಂಕೊ ಕೆಮ್ಮಿದ. ರುಮಿಯಾನಾಳ ಕಿವಿ ಬಿಸಿಯಾಯಿತು. ಶೆಡ್ಡಿನಿಂದ ಇಲ್ಲಿಯವರೆಗೆ ಅವಳು ಕಟ್ಟಿಕೊಂಡು ಬಂದ ಚಿತ್ರ ಒಂದೇ ಏಟಿಗೆ ಕುಸಿದಿತ್ತು. ಆದರೆ ಸ್ಟೊಯಿಲ್‌ನ ಹಣೆಯಲ್ಲಿ ಬೆವರು ಯಾಕೆ? ಕೈ ಶುದ್ಧವಾಗಿರುವವನು ನಿಟ್ಟುಸಿರು ಬಿಡಬೇಕಿತ್ತು. ಇವನು ಬಿಟ್ಟಿರಲಿಲ್ಲ.

"ಕಾರು ಇಲ್ಲಿ ನಿಂತಿದ್ದಾಗ ಬಾನೆಟ್ ತೆಗೆದವರು ಯಾರು?"

"ಯಾರೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಪಾತ್ರೆ ಏರಿಸಿದ್ದು, ಅಮ್ಮ ಶುಭವಾಗ್ಲಿ ಅಂತ ಗಾಡಿ ಮುಂದೆ ನೀರು ಚೆಲ್ಲಿದ್ದು, ಅವನು ಹೋದದ್ದು, ಎಲ್ಲ ನನ್ನ ಕಣ್ಣೆದುರಿಗೇ ಆಗಿದೆ."

ಬೀನ್ಸ್ ಸುಲಿಯುವ ಸದ್ದು ನಿಂತಿತು.

"ಸುಳ್ಳು ಯಾಕೋ ಬೊಗಳ್ತೀಯ?" ಎಂದಳು ಯೊರ್ದಾನಾ ಅಜ್ಜಿ.

"ಅಮ್ಮಾ, ನೀನು ಒಳಗೆ ಹೋಗು."

"ಹೋಗಲ್ಲ. ಇಲ್ಲಿ ಬಾ ಮಗಳೇ." ಅಜ್ಜಿ ರುಮಿಯಾನಾಳನ್ನು ಕೈಸನ್ನೆಯಿಂದ ಕರೆದಳು. "ಬಾನೆಟ್ ತೆಗೆದಿದ್ದ. ಕೈನೂ ಸುಟ್ಕೊಂಡ. ಅಯ್ಯೋ ಅಯ್ಯೋ ಅಂತ ಅಡುಗೆಮನೆಗೆ ಓಡಿ ಬಂದ, ನಾನೇ ಸೊಪ್ಪಿನೆಣ್ಣೆ ಹಚ್ಚಿ ಬಿಳೀ ಬಟ್ಟೆ ಕಟ್ಟಿದೆ. ಕಿರುಚಬೇಡ ಅಜ್ಜಿ, ಯಾರಿಗೂ ಹೇಳ್ಬೇಡ ಅಂದ. ನೀನು ಕೇಳಿದೆ, ಹೇಳ್ದೆ."

"ಯಾರು ಅಜ್ಜಿ?"

"ಇನ್ಯಾರು? ದೋಬ್ರಿ."

ಕಟ್ಟೆಯ ಬಳಿ ಬಿದ್ದಿದ್ದ ದೋಬ್ರಿಯ ಬಲಗೈಯಲ್ಲಿ ಬಟ್ಟೆ ಸುತ್ತಿದ್ದು ರುಮಿಯಾನಾಳಿಗೆ ಗೊತ್ತಿತ್ತು. ಕುದಿಯುವ ಕಾರಿನ ಹತ್ತಿರ ಸುಟ್ಟುಕೊಂಡಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ತಲೆಯೊಡೆದು ಬಿದ್ದವನಿಗೆ ಅಷ್ಟು ಅಚ್ಚುಕಟ್ಟಾಗಿ ಬಟ್ಟೆ ಕಟ್ಟಿದವರು ಯಾರು ಎಂದು ಒಬ್ಬರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಅವನ ಕಾರಿಗೆ ಅವನೇ ಯಾಕೆ ಹಾಕ್ತಾನೆ?" ಯಾಂಕೊ ಬಾಯ್ಬಿಟ್ಟ.

"ಆಗ ನಿಮ್ಮ ಮಗ ಎಲ್ಲಿದ್ದ ಅಜ್ಜಿ?" ರುಮಿಯಾನಾ ಕೇಳಿದಳು.

"ಹಿಂದಿನ ಕೋಣೇಲಿ. ಬಾಗಿಲು ಹಾಕ್ಕೊಂಡು. ಆ ನೀಲಿ ಡ್ರಮ್ಮು ಬಂದಾಗಿಂದ ಇವನಿಗೆ ಊಟ ಬೇಡ, ತಾಯಿ ಬೇಡ."

"ಅಮ್ಮಾ!"

ಆ ಒಂದು ಕೂಗಿಗೆ ಕುದುರೆ ಕಿವಿ ನೆಟ್ಟಗೆ ಮಾಡಿತು. ರುಮಿಯಾನಾ ಆಗಲೇ ಹಿಂದಿನ ಕೋಣೆಯ ಬಾಗಿಲಲ್ಲಿದ್ದಳು. ಸ್ಟೊಯಿಲ್ ಓಡಿಬಂದು ಅಡ್ಡ ನಿಂತ.

"ಸರ್ಚ್ ವಾರಂಟ್ ಇದೆಯಾ?"

"ತರಿಸ್ತೀನಿ. ತರಿಸೋವರೆಗೆ ಯಾಂಕಣ್ಣ ಈ ಬಾಗಿಲಲ್ಲೇ ಕೂತಿರ್ತಾರೆ. ಅವರಿಗೆ ಮೂರು ಹೊತ್ತು ಊಟ ನಿಮ್ಮದೇ. ಗಾಬ್ರೊವೊದವರು ಬಿಟ್ಟಿ ಊಟ ಎಷ್ಟು ಉಣ್ತಾರೆ ಅಂತ ಗೊತ್ತಲ್ಲ?"

ಬಾಗಿಲ ಸಂದಿಯಿಂದ ಹೊರಬರುತ್ತಿದ್ದ ವಾಸನೆ ರುಮಿಯಾನಾಳಿಗೆ ಈಗ ಸ್ಪಷ್ಟವಾಗಿ ಹೊಡೆಯಿತು. ಗುಲಾಬಿಯಂತಿತ್ತು, ಆದರೆ ಗುಲಾಬಿಯಲ್ಲ. ಹಸಿ ಎಲೆ ಕಿವುಚಿದ ಹಾಗೆ, ಚುರುಕಾಗಿ ಮೂಗಿಗೇರುವ ವಾಸನೆ. ಅವಳ ತಾಯಿ ಕಿಟಕಿಯಲ್ಲಿ ಬೆಳೆಸುತ್ತಿದ್ದ ಗಿಡದ್ದು.

"ಜೆರೇನಿಯಂ," ಎಂದಳು ಮೆಲ್ಲಗೆ. "ಗುಲಾಬಿ ಎಣ್ಣೆಗೆ ಅಗ್ಗದ ಜೆರೇನಿಯಂ ಎಣ್ಣೆ ಬೆರೆಸಿದೀರಿ. ಘಟ್ಟದಾಚೆ ಎಣ್ಣೆ ಕೊಳ್ಳೋರು ತಮ್ಮ ಪರೀಕ್ಷಕನ್ನ ಕರೆಸ್ಕೊಂಡು ಕೂತಿದ್ರು. ಪಾತ್ರೆ ತಲುಪಿದ್ರೆ ನಿಮ್ಮ ಮನೆತನದ ಹೆಸರು ಮಣ್ಣುಪಾಲು. ದಾರೀಲೇ ಕಳುವಾದ್ರೆ ನೀವು ಪಾಪದವರು."

"ಬೆರೆಸಿದ್ದು ನಿಜ." ಅವನು ಗೋಡೆಗೆ ಒರಗಿದ. "ಹೂವು ಬಾಡಿ ಬಂತು ಈ ವರ್ಷ. ಒಂದೇ ಸಲ ಅಂದ್ಕೊಂಡೆ. ಆದ್ರೆ ದೋಬ್ರಿ ಮೈ ಮುಟ್ಟಿಲ್ಲ ನಾನು. ದೇವರಾಣೆ. ಅವನು ನನ್ನ ಜೊತೆ ಶಾಲೆಗೆ ಬಂದವನು."

"ಅವನಿಗೆ ಡ್ರಮ್ಮಿನ ವಿಷಯ ಗೊತ್ತಿತ್ತಾ?"

"ಇಳಿಸಿದವನೇ ಅವನು."

"ಬೇರೆ ಯಾರಿಗೆ?"

ಸ್ಟೊಯಿಲ್ ಕಣ್ಣು ತಗ್ಗಿಸಿದ. "ಕಳಿಸಿಕೊಟ್ಟವರಿಗೆ," ಎಂದ ಕೊನೆಗೆ. "ಹೆಸರು ಕೇಳಬೇಡಿ. ನನ್ನನ್ನ ಒಳಗೆ ಹಾಕಿ, ಆದ್ರೆ ಹೆಸರು ಕೇಳಬೇಡಿ."

ರುಮಿಯಾನಾ ಕೇಳಿದಳು. ಮತ್ತೆ ಕೇಳಿದಳು. ಅವನು ತಾಯಿಯ ಕಡೆ ನೋಡಿದನೇ ಹೊರತು ಬಾಯಿ ಬಿಡಲಿಲ್ಲ. ಹೆದರಿದವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಇವನು ಜೈಲಿಗೆ ಹೆದರಿದವನಲ್ಲ.

ಅಷ್ಟರಲ್ಲಿ ಯಾಂಕೊನ ಫೋನ್ ಬಡಿದುಕೊಂಡಿತು. ಅವನು ಕೇಳಿ, ಕೈಯಿಂದ ಫೋನಿನ ಬಾಯಿ ಮುಚ್ಚಿದ.

"ಆಸ್ಪತ್ರೆಯಿಂದ. ದೋಬ್ರಿ ಕಣ್ಣು ಬಿಟ್ಟಿದಾನಂತೆ."

*

ಸ್ಟೊಯಿಲ್‌ನನ್ನೂ ಡ್ರಮ್ಮನ್ನೂ ಠಾಣೆಯವರ ಕೈಗೆ ಒಪ್ಪಿಸಿ ಅವರು ಘಟ್ಟ ಹತ್ತಿದರು. ಕಟ್ಟೆಯ ಬಳಿ ಯಾರೋ ಲಾರಿಯವನು ಬಾಟಲಿಗೆ ನೀರು ಹಿಡಿಯುತ್ತಿದ್ದ. ರುಮಿಯಾನಾ ನಿಲ್ಲಿಸಲಿಲ್ಲ.

"ತನ್ನ ಗಾಡಿ ತಾನೇ ಕೆಡಿಸ್ಕೊಂಡು, ತನ್ನ ತಲೆ ತಾನೇ ಒಡ್ಕೊಂಡನಾ?" ಯಾಂಕೊ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದ. "ಕಳ್ಳರ ಜೊತೆ ಸೇರ್ಕೊಂಡಿದ್ದ ಮೇಡಂ. ಪಾಲು ಹಂಚ್ಕೊಳ್ಳೋವಾಗ ಏಟು ಬಿತ್ತು."

"ಇರಬಹುದು."

"ನೀವು ನಂಬ್ತಿಲ್ಲ."

"ಕಳ್ಳನಾದ್ರೆ ಕೈ ಸುಟ್ಟಾಗ ಅಜ್ಜಿ ಹತ್ರ ಓಡ್ತಿರಲಿಲ್ಲ, ಯಾಂಕಣ್ಣ."

ಘಟ್ಟದಾಚೆಯ ಆ ಚಿಕ್ಕ ಆಸ್ಪತ್ರೆಯ ಕಾರಿಡಾರಿನಲ್ಲಿ ದೋಬ್ರಿಯ ಹೆಂಡತಿ ಮಿನಾ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ, ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ. ಅತ್ತೂ ಅತ್ತೂ ಕಣ್ಣು ಊದಿತ್ತು. ರುಮಿಯಾನಾಳನ್ನು ಕಂಡು ಥಟ್ಟನೆ ಎದ್ದಳು.

"ಮಾತಾಡಿದ್ರು ಅಕ್ಕಾ. ನನ್ನ ಹೆಸರು ಹೇಳಿದ್ರು."

"ಒಳ್ಳೇದಾಯ್ತು. ಸ್ವಲ್ಪ ಹೊತ್ತು ನಾನೊಬ್ಬಳೇ ಮಾತಾಡ್ತೀನಿ, ಆಗಬಹುದಾ?"

ಮಿನಾ ತಲೆಯಾಡಿಸಿದಳು. ಆದರೆ ಬಾಗಿಲು ಬಿಟ್ಟು ಸರಿಯಲು ಅವಳಿಗೆ ಮನಸ್ಸಿದ್ದಂತಿರಲಿಲ್ಲ. ಯಾಂಕೊ ಅವಳನ್ನು ಬೆಂಚಿಗೆ ಕರೆದೊಯ್ದು ಕೂರಿಸಿದ.

ದೋಬ್ರಿಯ ತಲೆಗೆ ಬ್ಯಾಂಡೇಜು, ಮುಖ ಬೂದಿಯಷ್ಟು ಬಿಳುಪು. ತಲೆಯ ಬಳಿ ಕಂಬಿಗೆ ಸಲೈನ್ ಬಾಟಲಿ ತೂಗುತ್ತಿತ್ತು. ತಳದಲ್ಲಿ ಸ್ವಲ್ಪವೇ ಉಳಿದಿತ್ತು. ರುಮಿಯಾನಾ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

"ಅಗಸೆ ಹಾಕಿದ್ದು ನೀವೇ ಅಂತ ನಂಗೆ ಗೊತ್ತು, ದೋಬ್ರಿಯವರೇ. ಯಾಕೆ ಅನ್ನೋದು ಹೇಳಿ."

ಅವನ ಕಣ್ಣಂಚಿನಲ್ಲಿ ನೀರು ತುಂಬಿತು.

"ಗಾಂಚೊ ಕಟ್ಟಿದ ಚೀಲ... ಅದಕ್ಕೇನೂ ಆಗಿಲ್ಲ ತಾನೇ? ಇಂಜಿನ್ ಹಾಳಾಗಬಾರ್ದು ಅಂತ ಮುಚ್ಚಳದಿಂದ ಹಾಕಿದೆ. ಅವನು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ."

"ಅವನನ್ನೇ ಹಿಡಿದು ಹಾಕಿದ್ವಿ ನಾವು. ಇವತ್ತು ಬಿಟ್ವಿ."

"ಅಯ್ಯೋ." ದೋಬ್ರಿ ಕಣ್ಣು ಮುಚ್ಚಿದ. ಮಾತು ತುಂಡು ತುಂಡಾಗಿ ಬಂತು. "ಕಲಬೆರಕೆ ಎಣ್ಣೆ ಹೊತ್ಕೊಂಡು ಹೋಗೋಕೆ ಮನಸ್ಸು ಬರಲಿಲ್ಲ. ಊರಿನವರೆಲ್ಲ ಆ ಹೂವನ್ನೇ ನಂಬ್ಕೊಂಡಿರೋದು. ಒಂದು ಪಾತ್ರೆ ಕೆಟ್ರೆ ಕಣಿವೆಯ ಎಣ್ಣೆಯನ್ನ ಯಾರೂ ಮೂಸಲ್ಲ. ಸ್ಟೊಯಿಲ್‌ಗೆ ಹೇಳ್ದೆ, ಕೇಳಲಿಲ್ಲ. ಅದಕ್ಕೇ... ನಿಮಗೆ ಫೋನ್ ಮಾಡ್ದೆ."

"ಯಾರಿಗೆ?"

"ನಿಮಗೇ. ಇನ್ಸ್‌ಪೆಕ್ಟರ್ ಪೆಂಚೆವಾ ಅವರಿಗೆ."

ರುಮಿಯಾನಾ ಮುಂದಕ್ಕೆ ಬಾಗಿದಳು.

"ನಾನು ನಿಮ್ಮ ಜೊತೆ ಯಾವತ್ತೂ ಮಾತಾಡಿಲ್ಲ."

"ಗೊತ್ತಾಯ್ತು. ಈಗ ನಿಮ್ಮ ದನಿ ಕೇಳಿದ್ಮೇಲೆ ಗೊತ್ತಾಯ್ತು. 'ಪೆಂಚೆವಾ ಮಾತಾಡ್ತಿರೋದು' ಅಂದ್ಳು. ಒಳ್ಳೆ ಮಾತು, ಒಳ್ಳೆ ನಯ. ಸ್ಟೊಯಿಲ್‌ಗೆ ಅನುಮಾನ ಬರಬಾರ್ದು, ಗಾಡಿ ತಾನಾಗೇ ಕೆಟ್ಟ ಹಾಗೆ ಕಾಣ್ಬೇಕು, ಲಾಯದಲ್ಲಿ ಕುದುರೆಗೆ ಇಟ್ಟಿರೋ ಅಗಸೆ ಒಂದು ಹಿಡಿ ಸಾಕು, ಕಟ್ಟೆ ಹತ್ರ ನಿಲ್ಲುತ್ತೆ, ನಾವು ಅಲ್ಲೇ ಇರ್ತೀವಿ, ಪಾತ್ರೆ ನಮ್ಮ ಕೈಗೆ ಕೊಡಿ, ಅಂದ್ಳು. ಹಾಗೇ ಮಾಡ್ದೆ. ಅಲ್ಲಿ ಯಾರೂ ಕಾಣಲಿಲ್ಲ. ನೀರು ಹಿಡಿಯೋಕೆ ಬಗ್ಗಿದೆ, ಅಷ್ಟೇ."

ಲಾಯದ ಅಗಸೆ ಆ ಹೆಂಗಸಿಗೆ ಹೇಗೆ ಗೊತ್ತು? ಬಟ್ಟಿಮನೆಯೊಳಗೆ ಓಡಾಡಿದವಳು. ಡ್ರಮ್ಮು ಕಳಿಸಿಕೊಟ್ಟವಳು. ಸ್ಟೊಯಿಲ್ ಹೆಸರು ಹೇಳಲು ಹೆದರಿದ್ದು ಇವಳಿಗೇ.

"ಫೋನ್ ನಂಬರ್ ಎಲ್ಲಿ ಸಿಕ್ತು ನಿಮಗೆ?"

"ಮಿನಾ ಕೊಟ್ಳು. ಯಾರ ಹತ್ರಾನೋ ಕೇಳ್ಕೊಂಡು ಬಂದು."

"ಫೋನಲ್ಲಿ ಮಾತಾಡಿದ್ದು ಮಿನಾನೇ ಇರಬಹುದಾ?"

"ಹೆಂಡತಿ ದನಿ ಗೊತ್ತಾಗಲ್ವಾ ಮೇಡಂ?" ದೋಬ್ರಿಯ ಮುಖದಲ್ಲಿ ನಗುವಿನಂಥದ್ದು ಮೂಡಿ ಮಾಯವಾಯಿತು. ಆಮೇಲೆ ಅವನು ಸುಟ್ಟ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಬಲವಿರಲಿಲ್ಲ, ಆದರೆ ಬಿಡಲಿಲ್ಲ. "ಅವಳಲ್ಲ. ಆದ್ರೆ ಆ ದನಿ ಇವತ್ತು ಮತ್ತೆ ಕೇಳಿಸ್ತು."

"ಎಲ್ಲಿ?"

"ಇಲ್ಲೇ. ಈ ತಲೆ ಹತ್ರ. ಬೆಳಿಗ್ಗೆ. ನಂಗೆ ಎಚ್ಚರ ಆಗಿತ್ತು, ಕಣ್ಣು ಬಿಡೋಕೆ ಆಗ್ತಿರಲಿಲ್ಲ. ಮಿನಾಗೆ ಹೇಳ್ತಿದ್ಳು. 'ಕಣ್ಣು ಬಿಟ್ರೆ ಮೊದ್ಲು ನನ್ನ ಕರೆ. ಈ ಬಾಟ್ಲಿ ಮುಗೀಲಿ, ಇನ್ನೊಂದು ನಾನೇ ಬಂದು ಹಾಕ್ತೀನಿ' ಅಂತ."

ರುಮಿಯಾನಾ ತಲೆಯೆತ್ತಿ ನೋಡಿದಳು. ಬಾಟಲಿಯ ತಳದಲ್ಲಿ ನೀರಿನ ಗೆರೆ ಕಾಣದಷ್ಟು ಇಳಿದಿತ್ತು. ಕೊನೆಯ ಹನಿಗಳು ನಿಧಾನವಾಗಿ ಕಳಚುತ್ತಿದ್ದವು.

ಅವಳು ಎದ್ದು ಕೊಳವೆಯ ಮೇಲಿದ್ದ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಪೂರ್ತಿ ತಿರುಗಿಸಿದಳು. ಹನಿ ನಿಂತಿತು. ದೋಬ್ರಿಯ ಕೈಯನ್ನು ಹೊದಿಕೆಯೊಳಗೆ ಸೇರಿಸಿದಳು.

"ಕಣ್ಣು ಮುಚ್ಕೊಳ್ಳಿ," ಎಂದಳು, ಅವನಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ. "ಏನೇ ಆದ್ರೂ ತೆಗೀಬೇಡಿ. ಆ ದನಿ ಅದೇ ಅಂತ ಅನ್ನಿಸಿದ್ರೆ ನನ್ನ ಬೆರಳು ಒತ್ತಿ."

ಅವಳು ಮತ್ತೆ ಕೂತು, ಹೊದಿಕೆಯಡಿ ಅವನ ಕೈಯೊಳಗೆ ತನ್ನ ಎಡಗೈ ಇಟ್ಟಳು. ಬಲಗೈ ಜಾಕೆಟ್ಟಿನೊಳಗಿನ ಪಿಸ್ತೂಲಿಗೆ ಹೋಯಿತು.

ಬಾಗಿಲು ಸ್ವಲ್ಪವೇ ತೆರೆಯಿತು. ಯಾಂಕೊನ ಮೀಸೆ, ಆಮೇಲೆ ಮುಖ ಒಳಗೆ ಇಣುಕಿತು.

"ಮೇಡಂ, ಬಾಟ್ಲಿ ಬದಲಾಯಿಸೋಕೆ ಸಿಸ್ಟರ್ ಬಂದಿದಾರೆ. ಮಿನಾನೇ ಹೋಗಿ ಕರ್ಕೊಂಡು ಬಂದ್ಳು. ಒಳಗೆ ಬಿಡ್ಲಾ?"

"ಬಿಡಿ," ಎಂದಳು ರುಮಿಯಾನಾ.